ಬೆಳಿಗ್ಗೆ ಸಿಹಿ, ಹನ್ನೊಂದಕ್ಕೆ ಕಹಿ

ಪ್ರಶ್ನೆ: ಬೆಳಿಗ್ಗೆ ಆರಕ್ಕೆ ಮೋಸಂಬಿ ಹಿಂಡಿ ಯಜಮಾನರ ಬಾಟಲಿಗೆ ತುಂಬಿಸಿ ಕೊಡುತ್ತೇನೆ. ಲೋಕಲ್ ರೈಲು ಹಿಡಿದು ಆಫೀಸು ಸೇರಿ ಹನ್ನೊಂದಕ್ಕೆ ಕುಡಿದರೆ ಕಹಿಯಂತೆ. ನಾನೇ ಒಂದು ತೊಳೆ ತಿಂದು ನೋಡಿದ್ದೆ, ಹಣ್ಣು ಸಿಹಿಯಾಗೇ ಇತ್ತು. ರಸ ಕೆಟ್ಟಿತ್ತಾ? ಕಹಿ ತಿನ್ನುವ ಬ್ಯಾಕ್ಟೀರಿಯಾ ಇವೆ ಅಂತಾಳೆ ಮಗಳು. ಒಂದು ಚಮಚ ಮೊಸರು ಹಾಕಬಹುದಾ?
– ಒಬ್ಬ ಗೃಹಿಣಿ, ಡೊಂಬಿವ್ಲಿ (ಮುಂಬೈ ಬಳಿ)

ಉತ್ತರ: ಮೊಸರು ಬೇಡಮ್ಮ. ಹಣ್ಣಿನವನನ್ನೂ ಬೈಯಬೇಡಿ.

ಜ್ಯೂಸ್ ಫ್ಯಾಕ್ಟರಿಯ ಲ್ಯಾಬಿಗೆ ನಾನು ಹೊಸದಾಗಿ ಸೇರಿದಾಗ ಇದೇ ಆಯ್ತು. ಬೆಳಿಗ್ಗೆ ಐದು ಸ್ಟೀಲ್ ಲೋಟದಲ್ಲಿ ರುಚಿ ನೋಡಿ ಐದಕ್ಕೂ 'ಸರಿ' ಅಂತ ಬರೆದೆ. ಊಟ ಮುಗಿಸಿ ಬಂದಾಗ ಐದೂ ಬೇವು! ಮೆಷಿನ್ ತೊಳೆದಿಲ್ಲ ಅಂತ ಪಾಪ ಆ ಹುಡುಗನ ಮೇಲೆ ರೇಗಿದೆ. ತಪ್ಪು ಅವನದಲ್ಲ, ರಸವನ್ನು ಕಹಿ ಮಾಡುವ ವಸ್ತುವಾದ ಲಿಮೊನಿನ್‌ನದು.

ಹಣ್ಣಿನ ತೊಳೆಯಲ್ಲಿ ಲಿಮೊನಿನ್ ಹೆಚ್ಚುಕಡಿಮೆ ಇರುವುದಿಲ್ಲ, ಅದರ ಮೂಲವಸ್ತು ಇರುತ್ತದೆ. ಅದಕ್ಕೆ ಕಹಿಯೇ ಇಲ್ಲ. ಹಿಂಡಿದಾಗ ಅದು ಹುಳಿಗೆ ಸಿಕ್ಕಿ, ನಿಧಾನಕ್ಕೆ ಉಂಗುರದ ಹಾಗೆ ಮುಚ್ಚಿಕೊಂಡು ಲಿಮೊನಿನ್ ಆಗುತ್ತದೆ. ಹತ್ತು ಲಕ್ಷ ಪಾಲಿಗೆ ಸುಮಾರು 6 ಪಾಲಿದ್ದರೂ ನಾಲಿಗೆಗೆ ಗೊತ್ತಾಗುತ್ತದೆ. ಬೀಜದಲ್ಲಿ, ಬಿಳಿ ನಾರಿನಲ್ಲಿ ಈ ಕಹಿಯ ಸರಕು ಜಾಸ್ತಿ.

ಮಗಳು ಹೇಳಿದ್ದು ನಿಜ. 1970ರ ದಶಕದಲ್ಲಿ ಅಮೆರಿಕದ ಶಿನ್ ಹಸೆಗಾವಾ ಮತ್ತು ಜೊತೆಗಾರರು ಮಣ್ಣಿನಿಂದ ಇಂಥ ಬ್ಯಾಕ್ಟೀರಿಯಾ ಹುಡುಕಿ ತೆಗೆದರು. ಅವುಗಳ ಮುಂದೆ ಈ ಮೂಲವಸ್ತುವನ್ನು ಬಿಟ್ಟು ಬೇರೆ ಊಟವನ್ನೇ ಇಡಲಿಲ್ಲ. ಬದುಕಿದ್ದು ತಿನ್ನಬಲ್ಲವು ಮಾತ್ರ. ಆರ್ತ್ರೋಬ್ಯಾಕ್ಟರ್ ಗ್ಲೋಬಿಫಾರ್ಮಿಸ್ ಅಂಥದ್ದೊಂದು. ಅದರ ಒಂದು ಕಿಣ್ವ (ಎಂಜೈಮ್) ಆ ಮೂಲವಸ್ತುವನ್ನೇ ಬದಲಿಸಿಬಿಡುತ್ತದೆ. ಆಮೇಲೆ ಉಂಗುರ ಮುಚ್ಚುವುದೇ ಇಲ್ಲ.

ಹಾಗಾದರೆ ಮೊಸರು ಯಾಕಾಗದು? ಮೊಸರಿನ ಬ್ಯಾಕ್ಟೀರಿಯಾಕ್ಕೆ ಬೇಕಾಗಿರುವುದು ಸಕ್ಕರೆ. ಕಹಿ ತಿನ್ನುವ ವಿದ್ಯೆ ಇರುವ ಜಾತಿಗಳಲ್ಲೂ ಅನೇಕ ಮದುವೆ ಊಟಕ್ಕೆ ಕೂತ ಮಕ್ಕಳ ಹಾಗೆ: ಹೋಳಿಗೆ ಇರುವಾಗ ಹಾಗಲಕಾಯಿ ಪಲ್ಯ ಯಾರಿಗೆ ಬೇಕು? ಸುಲಭದ ಸಕ್ಕರೆ ಸಿಗುತ್ತಿದ್ದರೆ ಬೇರೆ ಊಟಕ್ಕೆ ಬೇಕಾದ ಕಿಣ್ವದ ಜೀನುಗಳನ್ನು ಅವು ಆಫ್ ಮಾಡಿಯೇ ಇಡುತ್ತವೆ. ಅದಕ್ಕೇ ಹಸೆಗಾವಾ ಅವರ ತಂಡ ಮೊದಲೇ ಕಹಿಯ ಊಟ ಕೊಟ್ಟು ಬೆಳೆಸಿ, ಜೀವಕೋಶಗಳನ್ನು ಜೆಲ್ಲಿನಲ್ಲಿ ಹಿಡಿದಿಟ್ಟು, ರಸವನ್ನು ಅದರ ಮೂಲಕ ಹರಿಸಿತು. ಇನ್ನೊಂದು ತೊಡಕು, ಆ ಕಿಣ್ವಕ್ಕೆ ಹುಳಿ ಆಗಿಬರುವುದಿಲ್ಲ. ರಸ ಹುಳಿಯೇ ಅಲ್ವಾ!

ಚಕ್ಕೋತದ ಕಹಿ ಬೇರೆ, ಅದು ನರಿಂಜಿನ್. ಹಣ್ಣಿನಲ್ಲೇ ಕಹಿ, ಕಾಯುವ ಮಾತಿಲ್ಲ. ಅದರಿಂದ ರಾಮ್ನೋಸ್ ಅನ್ನುವ ಸಕ್ಕರೆಯನ್ನು ಕಿಣ್ವ ಕತ್ತರಿಸಿದರೆ ಕಹಿ ಸುಮಾರು ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಗ್ಲೂಕೋಸನ್ನೂ ಕತ್ತರಿಸಿದರೆ ಹೋಗಿಯೇಬಿಡುತ್ತದೆ.

ನೀವು ಬೀಜ ತೆಗೆದು, ಬಿಳಿ ನಾರು ಬಿಡಿಸಿ, ಮೆತ್ತಗೆ ಹಿಂಡಿ. ಮಿಕ್ಸಿ ಬೇಡವೇ ಬೇಡ, ಬೀಜ ಅರೆದರೆ ಮುಗೀತು. ಆದರೂ ಐದು ತಾಸು ಜಾಸ್ತಿಯಾಯ್ತು. ಬಾಟಲಿ ಬಿಟ್ಟು ಎರಡು ಹಣ್ಣು ಸುಲಿದು ಡಬ್ಬಿಗೆ ಹಾಕಿ ಕೊಡಿ. ತೊಳೆ ನಲುಗಬಾರದು ಅಷ್ಟೆ, ಬೆಳಗಿನ ಡೊಂಬಿವ್ಲಿ ಲೋಕಲ್‌ನಲ್ಲಿ ಅದು ಸಾಧ್ಯವಾದರೆ.