ಆರ್‌ಸಿಸಿ ಮಳಿಗೆಯಲ್ಲಿ ಮಾಡುವ ಬಾರ್‌ಗೆ ತೊಟ್ಟಿಮನೆಯ ಮರ ಹೊಂದಿಸೋದು ಹೇಗೆ?

ತೀರ್ಥಹಳ್ಳಿಯಲ್ಲಿ 20×30 ಅಡಿಯ ಆರ್‌ಸಿಸಿ ಮಳಿಗೆ. ಕೆಡವಿದ ತೊಟ್ಟಿಮನೆಯಿಂದ ತಂದ ನಾಲ್ಕು ಹಲಸಿನ ಮುಂಡಿಗೆ (ಮರದ ಕಂಬ), ಒಂದು ಕೆತ್ತನೆಯ ಬಾಗಿಲು. ಬಾಗಿಲನ್ನು ಮಲಗಿಸಿ ಕೌಂಟರ್ ಮಾಡಬಹುದಾ ಅಂತ ಕೇಳಿದ್ದೀರಿ.

ಬೇಡ. ಕೆತ್ತನೆಯ ಸಂದಿಗೆ ಇಳಿದ ಬಿಯರನ್ನು ಯಾವ ಬಟ್ಟೆಯಲ್ಲೂ ಒರೆಸೋಕಾಗಲ್ಲ. ಮೇಲೆ ಗಾಜು ಹಾಸಿದರೆ ಮಳೆಗಾಲದಲ್ಲಿ ಅದರಡಿ ತೇವ ನಿಂತು ಬೂಷ್ಟು ಹಿಡಿಯುತ್ತೆ. ಕೈ, ಲೋಟ, ನೀರು ತಾಗುವಲ್ಲೆಲ್ಲ ಹೊಸದಿರಲಿ. ಕಣ್ಣು ಮಾತ್ರ ತಾಗುವಲ್ಲಿ ಹಳೇದು. ಬಾಗಿಲನ್ನು ಹಿಂಬದಿಯ ಬಾಟಲಿ ಗೋಡೆಗೆ ನಿಲ್ಲಿಸಿ. ಕೌಂಟರಿನ ಮುಂಬದಿಗೆ ಹಾಕುವವರೂ ಇದ್ದಾರೆ, ಆದರೆ ಲಕ್ಷ್ಮಿಯೋ ಗಣಪತಿಯೋ ಕೆತ್ತಿದ್ದರೆ ಅಲ್ಲಿ ಗಿರಾಕಿಗಳ ಕಾಲು ತಾಗುತ್ತೆ, ನೆನಪಿರಲಿ.

ಕೌಂಟರಿಗೆ ಹೊಳಪಿಲ್ಲದ ಕರಿ ಗ್ರಾನೈಟ್ ಸಾಕು. ಕಡಪ ಕಲ್ಲು ನೋಡೋಕೆ ಇನ್ನೂ ಹಳೇದಾಗಿ ಕಾಣುತ್ತೆ ನಿಜ, ಆದರೆ ಅದು ಸುಣ್ಣದ ಕಲ್ಲು. ನಿಂಬೆರಸ ಬಿದ್ದಲ್ಲೆಲ್ಲ ಕಲೆ ಕೂರುತ್ತೆ. ಎತ್ತರ 42 ಇಂಚು, ಸ್ಟೂಲಿನ ಸೀಟು 30, ಒಬ್ಬೊಬ್ಬರಿಗೆ 24 ಇಂಚು ಅಗಲ. ಮೊಣಕಾಲಿಗೆ ಕಲ್ಲು 10 ಇಂಚು ಮುಂದೆ ಚಾಚಿರಲಿ, ಕಾಲಿಡೋಕೆ ನೆಲದಿಂದ 8 ಇಂಚಿಗೆ ಹಿತ್ತಾಳೆ ಪೈಪು. ಒಳಗೆ ಓಡಾಡೋಕೆ 36 ಇಂಚಿಗಿಂತ ಕಡಿಮೆ ಬಿಡಬೇಡಿ. ಗಿರಾಕಿಗಳ ಕಡೆ ರೆಡ್ ಆಕ್ಸೈಡ್ ನೆಲ ಚೆಂದ. ಕೌಂಟರಿನ ಒಳಗೆ ಜಾರುತ್ತೆ, ಅಲ್ಲಿ ತರಿ ಮೈಯ ಟೈಲ್ಸ್ ಹಾಕಿಸಿ.

ಹೆಚ್ಚು ಕೆಡೋದು ಮುಂಡಿಗೆಯಲ್ಲಿ. ತಂದ ತಕ್ಷಣ ನಿಲ್ಲಿಸಬೇಡಿ. ಕಂಬದಡಿ ಕರಿ ಕಾಗದ ಹಾಸಿ ಒಂದು ವಾರ ಬಿಡಿ. ಹಿಟ್ಟಿನಂಥ ಪುಡಿ ಉದುರಿದ್ದರೆ ಕುಟ್ಟೆ ಹುಳ ಒಳಗೆ ಇನ್ನೂ ಬದುಕಿರಬಹುದು ಅಂತ. ಹಳೇ ಪಾಲಿಶ್ ಪೂರ್ತಿ ಉಜ್ಜಿ ತೆಗೆದ ಮೇಲೇ ಹುಳ ಕೊಲ್ಲುವ ಬೋರಾಕ್ಸ್-ಬೋರಿಕ್ ಆಸಿಡ್ ದ್ರಾವಣ ಬಳಿಯಬೇಕು, ಪಾಲಿಶ್ ಮೇಲೆ ಬಳಿದರೆ ಮರ ಕುಡಿಯೋದೇ ಇಲ್ಲ. ಬುಡ ನೇರ ನೆಲಕ್ಕೆ ತಾಗಬಾರದು: ನೆಲ ಒರೆಸಿದ ನೀರನ್ನು ಅಡ್ಡ ಕೊಯ್ದ ಮರ ಬತ್ತಿ ಎಣ್ಣೆ ಹೀರಿದ ಹಾಗೆ ಹೀರುತ್ತೆ. 4 ಇಂಚಿನ ಕಲ್ಲಿನ ಪೀಠ ಕೊಡಿ. ಪಾಲಿಶ್ ಕೆಲಸ ಮೇ ಒಳಗೆ ಮುಗಿಯಲಿ. ಜೂನ್-ಜುಲೈನ ಜಡಿಮಳೆಯಲ್ಲಿ ಹೊಡೆಸಿದರೆ ಮರದ ಮೈಮೇಲೆ ಬಿಳಿ ಮಂಜು ಕೂರುತ್ತೆ, ಮತ್ತೆ ಉಜ್ಜಿಸಬೇಕು.

ದೀಪ ಎಲ್ಲ ಕಡೆ 2700 ಕೆಲ್ವಿನ್ (ಬೆಚ್ಚನೆ ಹಳದಿ ಬೆಳಕು), ಡಿಮ್ಮರ್ ಸಮೇತ. ಒಂದೇ ಒಂದು ಬಿಳಿ ಟ್ಯೂಬ್ ಸೇರಿದರೂ ಹಲಸಿನ ಬಣ್ಣ ಬೂದಿಯಾಗುತ್ತೆ. ತಾಮ್ರದ ಹಂಡೆ ತೂತು ಮಾಡಿ ದೀಪ ಇಳಿಬಿಡೋದಾದರೆ ಅಂಚು ಕೌಂಟರಿನಿಂದ 30 ಇಂಚು ಮೇಲಿರಲಿ, ತೂತಿನ ಅಂಚು ವೈರ್ ಕೊಯ್ಯದ ಹಾಗೆ ರಬ್ಬರ್ ಬುಷ್ ಹಾಕಿ, ಹಂಡೆಗೂ ಅರ್ಥಿಂಗ್ ವೈರ್ ಕೊಡಿಸಿ.