ದರ ತಿದ್ದಲು ಹೋದರೆ ಪುಟವೇ ಏಕೆ ಕೆಡುತ್ತದೆ?

ಪ್ರಶ್ನೆ: ನಮ್ಮದು ಬೆಳಗಾವಿಯಲ್ಲಿ ಎರಕದ ಬಿಡಿಭಾಗ ತಯಾರಿಸುವ ಕಾರ್ಖಾನೆ. ಜಾಲತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನ ಬ್ಲಾಕ್ ಎಡಿಟರ್‌ನಲ್ಲಿ ಮಾಡಿಸಿದ ಜಾಲತಾಣ ಕನ್ನಡ, ಇಂಗ್ಲಿಷ್ ಎರಡರಲ್ಲೂ ಇದೆ. ಮಾರಾಟ ವಿಭಾಗದವರು ದರ ತಿದ್ದುತ್ತಾರೆ, ಸಿಬ್ಬಂದಿ ವಿಭಾಗದವರು ಉದ್ಯೋಗ ಪ್ರಕಟಣೆ ಹಾಕುತ್ತಾರೆ. ಪ್ರತಿ ಬಾರಿಯೂ ಏನಾದರೊಂದು ಕೆಡುತ್ತದೆ. ಒಮ್ಮೆ ಪಕ್ಕಪಕ್ಕದ ಕಾಲಂಗಳು ಮೇಲೆ ಕೆಳಗಾದವು, ಇನ್ನೊಮ್ಮೆ ‘ಸಂಪರ್ಕಿಸಿ’ ಗುಂಡಿಯೇ ಕಾಣೆಯಾಯಿತು. ಎಲ್ಲರನ್ನೂ ಪೂರ್ಣ ಅಧಿಕಾರದ ಅಡ್ಮಿನಿಸ್ಟ್ರೇಟರ್ ಹುದ್ದೆಯಿಂದ ಬರಹ ತಿದ್ದುವ ಎಡಿಟರ್ ಹುದ್ದೆಗೆ ಇಳಿಸಿದೆವು, ಆದರೂ ನಿಂತಿಲ್ಲ. ಬರಹವನ್ನು ತಿದ್ದಲು ಬಿಟ್ಟು ವಿನ್ಯಾಸವನ್ನು ಮುಟ್ಟದಂತೆ ಮಾಡುವುದು ಹೇಗೆ?

ಉತ್ತರ: ಎಡಿಟರ್‌ಗೆ ಇಳಿಸಿದ್ದು ಒಳ್ಳೆಯದೇ ಆಯಿತು. ಥೀಮ್ (ಜಾಲತಾಣದ ಒಟ್ಟು ರೂಪ), ಪ್ಲಗಿನ್ (ಹೆಚ್ಚುವರಿ ಸೌಲಭ್ಯದ ತಂತ್ರಾಂಶ), ಮೆನು, ಪುಟದ ತಲೆಭಾಗ, ಅಡಿಭಾಗ ಇವು ಈಗ ಅವರ ಕೈಗೆ ಎಟುಕುವುದಿಲ್ಲ. ಆದರೆ ಪುಟದ ಒಳಗಿನ ವಿನ್ಯಾಸ ಎಟುಕುತ್ತದೆ, ನಿಮ್ಮ ತೊಂದರೆ ಇರುವುದು ಅಲ್ಲಿಯೇ. 2018ರ ಡಿಸೆಂಬರ್‌ನಲ್ಲಿ ಬಂದ 5.0 ಆವೃತ್ತಿಯಿಂದ ವರ್ಡ್‌ಪ್ರೆಸ್‌ನಲ್ಲಿ ಪುಟವೆಂದರೆ ಬ್ಲಾಕ್‌ಗಳ ಜೋಡಣೆ. ಪ್ಯಾರಾ ಒಂದು ಬ್ಲಾಕ್, ಚಿತ್ರ ಒಂದು ಬ್ಲಾಕ್. ಕಾಲಂ, ಗುಂಡಿಗಳೂ ಬ್ಲಾಕ್‌ಗಳೇ. ಬರಹವೂ ಚೌಕಟ್ಟೂ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ದರ ತಿದ್ದುವ ಹಕ್ಕು ಕೊಟ್ಟಿರೆಂದರೆ ಕಾಲಂ ಅಳಿಸುವ ಹಕ್ಕನ್ನೂ ಕೊಟ್ಟಂತೆಯೇ.

ದಯವಿಟ್ಟು ಇದಕ್ಕೆ ಸಿಬ್ಬಂದಿಯನ್ನು ಬೈಯಬೇಡಿ. ಒಂದು ಕಚೇರಿಯಲ್ಲಿ ಮಾರಾಟ ವಿಭಾಗದ ಮಹಿಳೆಯೊಬ್ಬರ ಪಕ್ಕದಲ್ಲಿ ಕುಳಿತು ನಾನು ಕಣ್ಣಾರೆ ನೋಡಿದ್ದೇನೆ. 485 ಇದ್ದದ್ದನ್ನು ಅವರು 510 ಮಾಡಬೇಕಿತ್ತು, ಅಷ್ಟೆ. ಅಂಕಿಯ ಪಕ್ಕದ ಖಾಲಿ ಜಾಗದಲ್ಲಿ ಕ್ಲಿಕ್ ಬಿತ್ತು, ಇಡೀ ಕಾಲಂ ಆಯ್ಕೆಯಾಯಿತು. ಹಳೆಯ ಅಂಕಿ ಅಳಿಸಲೆಂದು ಬ್ಯಾಕ್‌ಸ್ಪೇಸ್ ಒತ್ತಿದರು, ಕಾಲಂ ಪೂರ್ತಿ ಹೋಯಿತು. ಗಾಬರಿಯಲ್ಲಿ ‘ಅಪ್‌ಡೇಟ್’ ಗುಂಡಿಯನ್ನೂ ಒತ್ತಿಬಿಟ್ಟರು. ಹದಿನೈದು ವರ್ಷ ಲೆಕ್ಕ ತಪ್ಪದೆ ದುಡಿದವರು, ಅಂದು ಸಂಜೆಯವರೆಗೆ ತಲೆ ಎತ್ತಲಿಲ್ಲ. ತಪ್ಪು ಅವರದ್ದಲ್ಲ, ಅಂಕಿಯೊಂದರ ಜೊತೆಗೆ ಇಡೀ ಪುಟವನ್ನೇ ಅವರ ಕೈಗಿಟ್ಟವರದ್ದು.

ಪರಿಹಾರ ವರ್ಡ್‌ಪ್ರೆಸ್‌ನಲ್ಲೇ ಇದೆ. 2022ರ ಮೇ ತಿಂಗಳಲ್ಲಿ ಬಂದ 6.0 ಆವೃತ್ತಿಯಿಂದ ಪ್ರತಿ ಬ್ಲಾಕ್‌ನ ಮೂರು ಚುಕ್ಕೆಯ ಮೆನುವಿನಲ್ಲಿ ‘ಲಾಕ್’ ಎಂಬ ಆಯ್ಕೆ ಸಿಗುತ್ತದೆ. ಬ್ಲಾಕ್ ಜರುಗದಂತೆ, ಅಳಿಸಿಹೋಗದಂತೆ ಅದರಿಂದ ಬೀಗ ಹಾಕಬಹುದು. ಕಾಲಂನಂಥ ಹೊರಚೌಕಟ್ಟಿಗೆ ಹಾಕುವಾಗ ಒಳಗಿನ ಬ್ಲಾಕ್‌ಗಳಿಗೂ ಅನ್ವಯಿಸುವಂತೆ ಗುರುತು ಮಾಡಲು ಮರೆಯಬೇಡಿ. ಆದರೆ ಇಲ್ಲೊಂದು ಮುಖ್ಯ ಮಾತಿದೆ. ಬೀಗ ಹಾಕಿದ ನೀವಷ್ಟೇ ಅಲ್ಲ, ಎಡಿಟರ್ ಕೂಡ ಅದೇ ಮೆನುವಿನಿಂದ ಅದನ್ನು ತೆಗೆಯಬಲ್ಲರು. ಆ ಹಕ್ಕು ಅಡ್ಮಿನಿಸ್ಟ್ರೇಟರ್‌ಗೆ ಮಾತ್ರ ಉಳಿಯಬೇಕಾದರೆ ‘ಕ್ಯಾನ್ ಲಾಕ್ ಬ್ಲಾಕ್ಸ್’ ಎಂಬ ಸೆಟ್ಟಿಂಗ್ ಅನ್ನು ಕೋಡ್ ಮೂಲಕ ಬದಲಿಸಬೇಕು. ಬಲ್ಲ ಡೆವಲಪರ್‌ಗೆ ನಾಲ್ಕೈದು ಸಾಲಿನ ಕೆಲಸ. ಅದರ ಜೊತೆಗೆ, ಪುಟವನ್ನು ಕೋಡ್ ರೂಪದಲ್ಲೇ ತಿದ್ದಲು ಬಿಡುವ ಕೋಡ್ ಎಡಿಟರ್ ನೋಟವನ್ನೂ ಎಡಿಟರ್ ಹುದ್ದೆಯವರಿಗೆ ಮುಚ್ಚಿಸಿ. ಇಲ್ಲದಿದ್ದರೆ ಮುಂಬಾಗಿಲಿಗೆ ಬೀಗ ಜಡಿದು ಹಿತ್ತಿಲ ಬಾಗಿಲು ತೆರೆದಿಟ್ಟಂತಾಗುತ್ತದೆ.

ನಿಮಗೆ ಇನ್ನೂ ಹೆಚ್ಚು ಒಗ್ಗುವುದು ಅದೇ ವರ್ಷದ 6.1 ಆವೃತ್ತಿಯಲ್ಲಿ ಬಂದ ‘ಕಂಟೆಂಟ್ ಓನ್ಲಿ’ ಬೀಗ. ಹಲವು ಬ್ಲಾಕ್‌ಗಳನ್ನು ಒಟ್ಟಿಗೆ ಹಿಡಿದಿಡುವ ಗ್ರೂಪ್ ಬ್ಲಾಕ್‌ಗೆ ಇದನ್ನು ಹಾಕಿಸಿದರೆ ಒಳಗಿನ ಶೀರ್ಷಿಕೆ, ಪ್ಯಾರಾ, ಚಿತ್ರ, ಗುಂಡಿಯ ಮೇಲಿನ ಬರಹವನ್ನು ತಿದ್ದಬಹುದು. ಬ್ಲಾಕ್ ಸೇರಿಸುವುದು, ಅಳಿಸುವುದು, ಜರುಗಿಸುವುದು ನೇರವಾಗಿ ಆಗುವುದಿಲ್ಲ. ಹಾಕಿಸಿದ ಮೇಲೆ ಅಡ್ಮಿನಿಸ್ಟ್ರೇಟರ್ ಲಾಗಿನ್‌ನಲ್ಲಿ ನೋಡಿ ಸಮಾಧಾನಪಡಬೇಡಿ. ಎಡಿಟರ್ ಲಾಗಿನ್‌ನಲ್ಲೇ ಕುಳಿತು, ಬೇಕೆಂದೇ ಪುಟ ಕೆಡಿಸಲು ಅರ್ಧ ಗಂಟೆ ಪ್ರಯತ್ನಿಸಿ ನೋಡಿ. ನಿಮ್ಮಿಂದ ಕೆಡದಿದ್ದರೆ ಅವರಿಂದಲೂ ಕೆಡುವುದಿಲ್ಲ.

ಆದರೆ ಬೀಗ ಹಾಕುವ ಮೊದಲು, ಜನ ವಿನ್ಯಾಸಕ್ಕೆ ಏಕೆ ಕೈ ಹಾಕುತ್ತಿದ್ದಾರೆಂದು ಕೇಳಿ. ಕನ್ನಡದ ಪುಟಗಳಲ್ಲಿ ಇದಕ್ಕೆ ಗಟ್ಟಿ ಕಾರಣಗಳಿರುತ್ತವೆ. ಇಂಗ್ಲಿಷ್ ಅಕ್ಷರಕ್ಕೆಂದು ಮಾಡಿದ ಥೀಮ್‌ಗಳಲ್ಲಿ ಶೀರ್ಷಿಕೆಯ ಸಾಲುಗಳ ನಡುವಿನ ಅಂತರ ಕಡಿಮೆ. ‘ಉತ್ಪನ್ನಗಳು’, ‘ವಿಶ್ವಾಸಾರ್ಹ’ ಎಂದು ಬರೆದರೆ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ಕೆಲವೊಮ್ಮೆ ಕತ್ತರಿಸಿಯೇ ಹೋಗುತ್ತದೆ. ಅದನ್ನು ಕಂಡವರು ಖಾಲಿ ಸಾಲು ತುರುಕುತ್ತಾರೆ, ಅಕ್ಷರ ಚಿಕ್ಕದು ಮಾಡುತ್ತಾರೆ. ಬರಹವನ್ನು ಪ್ರೀತಿಸುವವರು ಸುಮ್ಮನಿರಲಾರರು, ಇರಲೂಬಾರದು. ಡೆವಲಪರ್‌ಗೆ ಹೇಳಿ ಕನ್ನಡ ಪುಟಗಳ ಸಾಲಿನ ಅಂತರವನ್ನು ಥೀಮ್‌ನಲ್ಲೇ ಹೆಚ್ಚಿಸಿ. ಹಾಗೆಯೇ, ಹಳೆಯ ‘ನುಡಿ’ ತಂತ್ರಾಂಶದ ಕಡತದಿಂದ ನಕಲು ಮಾಡಿ ಅಂಟಿಸಿದರೆ ಯೂನಿಕೋಡ್ ಅಲ್ಲದ ಬರಹ ಅರ್ಥವಿಲ್ಲದ ಚಿಹ್ನೆಗಳಾಗಿ ಬೀಳುತ್ತದೆ. ಅದಕ್ಕೆ ಬೀಗದಿಂದ ಪರಿಹಾರವಿಲ್ಲ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ ಅಂಟಿಸುವುದನ್ನು ಒಮ್ಮೆ ಪಕ್ಕದಲ್ಲಿ ಕುಳಿತು ತೋರಿಸಿಕೊಡಿ.

ಪುಟ ಈಗಾಗಲೇ ಕೆಟ್ಟಿದ್ದರೆ ಬಲಬದಿಯ ಪಟ್ಟಿಯಲ್ಲಿ ‘ರಿವಿಷನ್ಸ್’ ತೆರೆದು ಹಿಂದಿನ ರೂಪಕ್ಕೆ ಮರಳಬಹುದು. ಅಳಿಸಿದ ಪುಟಗಳು 30 ದಿನ ಕಸದಬುಟ್ಟಿಯಲ್ಲಿ ಇರುತ್ತವೆ. ಮೀಡಿಯಾ ಸಂಗ್ರಹದಿಂದ ಅಳಿಸಿದ ಚಿತ್ರಕ್ಕೆ ಮಾತ್ರ ಆ ಅನುಕೂಲವಿಲ್ಲ, ಅದು ನೇರವಾಗಿ ಹೋಗಿಬಿಡುತ್ತದೆ. ಬ್ಯಾಕಪ್ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಪ್ರಶ್ನೆ: ಸಿಬ್ಬಂದಿ ವಿಭಾಗದವರು ಉದ್ಯೋಗಾವಕಾಶದ ಪುಟವನ್ನು ಮಾತ್ರ ತಿದ್ದಬೇಕು, ಬೇರೆ ಪುಟ ಮುಟ್ಟಬಾರದು. ಅವರಿಗೆ ಆಥರ್ ಎಂಬ ಹುದ್ದೆ ಕೊಟ್ಟರೆ ಪುಟಗಳೇ ಕಾಣುತ್ತಿಲ್ಲ. ಏನು ಮಾಡಲಿ?

ಉತ್ತರ: ವರ್ಡ್‌ಪ್ರೆಸ್‌ನ ಆಥರ್ ಬರೆಯಬಲ್ಲದ್ದು ಪೋಸ್ಟ್‌ಗಳನ್ನು (ಸುದ್ದಿಯಂತೆ ಒಂದೊಂದಾಗಿ ಪ್ರಕಟವಾಗುವ ಬರಹಗಳನ್ನು) ಮಾತ್ರ, ಪುಟಗಳನ್ನಲ್ಲ. ಎಡಿಟರ್ ಮಾಡಿದರೆ ಎಲ್ಲ ಪುಟಗಳೂ ತೆರೆದುಕೊಳ್ಳುತ್ತವೆ. ಇಂಥವರಿಗೆ ಇಂಥ ಪುಟ ಎಂಬ ಹಂಚಿಕೆ ಮೂಲ ವರ್ಡ್‌ಪ್ರೆಸ್‌ನಲ್ಲಿ ಇಲ್ಲ. ಪ್ಲಗಿನ್‌ಗಳಿಂದ ಸಾಧ್ಯ, ಆದರೆ ನನಗೆ ಮೆಚ್ಚುಗೆಯಾಗುವುದು ಇದಕ್ಕಿಂತ ಸರಳವಾದ ದಾರಿ: ಪ್ರತಿ ಉದ್ಯೋಗ ಪ್ರಕಟಣೆಯನ್ನೂ ಒಂದು ಪೋಸ್ಟ್ ಮಾಡಿ. ಉದ್ಯೋಗಾವಕಾಶದ ಪುಟದಲ್ಲಿ ಆ ವರ್ಗದ ಪೋಸ್ಟ್‌ಗಳು ತಾವಾಗಿಯೇ ಪಟ್ಟಿಯಾಗುವಂತೆ ಇಡಿ. ಆಗ ಆಥರ್ ಹುದ್ದೆಯೇ ಸಾಕು. ಅವರು ಬರೆದದ್ದನ್ನು ಇನ್ನೊಬ್ಬರು ನೋಡಿದ ಮೇಲೆಯೇ ಪ್ರಕಟವಾಗಬೇಕೆಂದರೆ ಕಾಂಟ್ರಿಬ್ಯೂಟರ್ ಮಾಡಿ. ಆದರೆ ಕಾಂಟ್ರಿಬ್ಯೂಟರ್‌ಗೆ ಚಿತ್ರ ಏರಿಸಲು ಬಾರದು, ಪ್ರಕಟವಾದ ಮೇಲೆ ತಮ್ಮ ಬರಹವನ್ನು ತಾವೇ ತಿದ್ದಲೂ ಬಾರದು. ಸಂಬಳದ ಅಂಕಿ ತಪ್ಪಿದ್ದರೆ ಇನ್ನೊಬ್ಬರಿಗಾಗಿ ಕಾಯಬೇಕಾಗುತ್ತದೆ. ಉದ್ಯೋಗ ಪ್ರಕಟಣೆಗೆ ಅಷ್ಟು ಬಿಗಿ ಬೇಡವೆಂದೇ ನನ್ನ ಅಭಿಪ್ರಾಯ. ದರಪಟ್ಟಿಗಾದರೆ ಎರಡನೆಯ ಕಣ್ಣು ಬೇಕೇ ಬೇಕು.

ಪ್ರಶ್ನೆ: ನಮ್ಮ ಕಚೇರಿಯಲ್ಲಿ ಎಲ್ಲರಿಗೂ ಒಂದೇ ಲಾಗಿನ್. ಪಾಸ್‌ವರ್ಡ್ ಬರೆದ ಚೀಟಿ ಮೇಜಿನ ಗಾಜಿನ ಕೆಳಗೇ ಇದೆ. ಜಾಲತಾಣ ನೋಡಿಕೊಳ್ಳುತ್ತಿದ್ದ ಹುಡುಗ ಈ ತಿಂಗಳು ಕೆಲಸ ಬಿಡುತ್ತಿದ್ದಾನೆ. ಪಾಸ್‌ವರ್ಡ್ ಬದಲಿಸಿದರೆ ಸಾಕೇ?

ಉತ್ತರ: ಸಾಲದು. ಆ ಚೀಟಿಯನ್ನು ಇವತ್ತೇ ತೆಗೆಯಿರಿ, ಪ್ರತಿಯೊಬ್ಬರಿಗೂ ಅವರವರ ಹೆಸರಿನ ಲಾಗಿನ್ ಮಾಡಿಕೊಡಿ. ಒಂದೇ ಲಾಗಿನ್ ಇರುವಷ್ಟು ದಿನ ರಿವಿಷನ್‌ಗಳಲ್ಲೆಲ್ಲ ಒಂದೇ ಹೆಸರು ಕಾಣುತ್ತದೆ. ಯಾರು ತಿದ್ದಿದರೆಂದು ತಿಳಿಯದೆ ಎಲ್ಲರ ಮೇಲೂ ಅನುಮಾನ ಬೀಳುತ್ತದೆ. ಅಡ್ಮಿನಿಸ್ಟ್ರೇಟರ್‌ಗಳು ಇಬ್ಬರಿರಲಿ, ಒಬ್ಬರು ರಜೆಯಲ್ಲಿದ್ದರೆ ಇನ್ನೊಬ್ಬರು ಇರುತ್ತಾರೆ. ಅದಕ್ಕಿಂತ ಹೆಚ್ಚು ಬೇಡ.

ಆ ಹುಡುಗನಿಗೆ ತನ್ನದೇ ಹೆಸರಿನ ಲಾಗಿನ್ ಕೂಡ ಇದ್ದರೆ ಅದನ್ನು ಅವಸರದಲ್ಲಿ ಅಳಿಸಬೇಡಿ. ಅಳಿಸುವಾಗ ವರ್ಡ್‌ಪ್ರೆಸ್ ಒಂದು ಪ್ರಶ್ನೆ ಕೇಳುತ್ತದೆ: ಈ ಬಳಕೆದಾರರ ಹೆಸರಿನಲ್ಲಿರುವ ಬರಹಗಳನ್ನೆಲ್ಲ ಅಳಿಸಬೇಕೇ, ಬೇರೊಬ್ಬರ ಹೆಸರಿಗೆ ವರ್ಗಾಯಿಸಬೇಕೇ? ಮೊದಲನೆಯದನ್ನು ಆರಿಸಿದರೆ ಅವನು ಮಾಡಿದ ಪುಟಗಳೆಲ್ಲ ಜಾಲತಾಣದಿಂದ ಇಳಿದುಹೋಗುತ್ತವೆ. ಹಂಚಿಕೊಂಡ ಲಾಗಿನ್ ಅಳಿಸುವಾಗಲೂ ಇದೇ ಎಚ್ಚರ ಇರಲಿ. ಎರಡನೆಯದನ್ನೇ ಆರಿಸಿ, ಉಳಿಯುವವರ ಹೆಸರು ಕೊಡಿ. ಹೊರಗಿನ ಆ್ಯಪ್‌ಗಳು ಜಾಲತಾಣದೊಳಗೆ ಬರಲು ಬಳಸುವ ಅಪ್ಲಿಕೇಷನ್ ಪಾಸ್‌ವರ್ಡ್‌ಗಳೆಂಬ ವ್ಯವಸ್ಥೆ 5.6 ಆವೃತ್ತಿಯಿಂದ ಇದೆ, ಉಳಿಸಿಕೊಳ್ಳುವ ಖಾತೆಗಳ ಪ್ರೊಫೈಲ್‌ನಲ್ಲಿ ಅಂಥವು ಇದ್ದರೆ ರದ್ದುಮಾಡಿ. ಕೊನೆಯದಾಗಿ, ಹೋಸ್ಟಿಂಗ್ (ಜಾಲತಾಣ ಇರುವ ಸರ್ವರ್ ಜಾಗ) ಮತ್ತು ಡೊಮೇನ್ (ಜಾಲತಾಣದ ವಿಳಾಸ) ಯಾರ ಇಮೇಲ್‌ನಲ್ಲಿ ನೋಂದಣಿಯಾಗಿವೆ ಎಂದು ನೋಡಿ. ಅವನ ಸ್ವಂತ ಇಮೇಲ್‌ನಲ್ಲಿದ್ದರೆ, ಅವನು ಇನ್ನೂ ನಿಮ್ಮ ಎದುರಿಗೆ ಕುಳಿತಿರುವಾಗಲೇ ಕಂಪನಿಯ ಇಮೇಲ್‌ಗೆ ಬದಲಿಸಿಕೊಳ್ಳಿ. ಅವನ ಮೊಬೈಲ್‌ಗೆ ಬರುವ ಒಟಿಪಿ ಈ ತಿಂಗಳು ಸುಲಭವಾಗಿ ಸಿಗುತ್ತದೆ.