ದಸರೆಗೆ ನಾಲ್ಕು ದಿನ ರಜೆ, ಸಂಬಳ ಹಿಡಿಯಬೇಡಿ

ಮೇಡಂ, ಪಾತ್ರೆ ತೊಳೆದು ನೆಲ ಒರೆಸುವವರು ದಸರೆಗೆ ನಾಲ್ಕು ದಿನ ರಜೆ ಕೇಳಿದ್ದಾರೆ, ಸಂಬಳ ಹಿಡಿಯಬಹುದಾ ಅಂತ ಕೇಳಿದ್ದೀರಿ. ಕುವೆಂಪುನಗರಕ್ಕೆ ಹೊಸಬರು ಅಂದಿರಿ, ಅದಕ್ಕೇ ಬಿಡಿಸಿ ಹೇಳ್ತಿದ್ದೀನಿ. ದಯವಿಟ್ಟು ಹಿಡಿಯಬೇಡಿ.

ಮೈಸೂರಲ್ಲಿ ದಸರೆ ಅಂದ್ರೆ ಮನೆ ತುಂಬಾ ನೆಂಟರು, ಸಿಂಕ್ ತುಂಬಾ ಪಾತ್ರೆ. ಅವರ ಮನೆಗೂ ನೆಂಟರು ಬಂದಿರ್ತಾರೆ, ಅವರ ಮಕ್ಕಳೂ ಜಂಬೂ ಸವಾರಿ ನೋಡ್ಬೇಕು ಅಂತಿರ್ತಾರೆ. ನಮ್ಮನೇಲಿ ತಿಂಗಳಿಗೆ ಎರಡು ದಿನ ಸಂಬಳ ಸಹಿತ ರಜೆ, ಹಬ್ಬದ್ದು ಬೇರೆ. ನೆಂಟರಿದ್ದ ದಿನ ಬಂದ್ರೆ ಹೆಚ್ಚಿಗೆ ದುಡ್ಡು. ಎಷ್ಟು ಅನ್ನೋದನ್ನ ಕೆಲಸಕ್ಕೆ ಮೊದಲೇ ಮಾತಾಡಿಕೊಳ್ತೀವಿ, ಆಮೇಲೆ ಕೈಗೆ ಸಿಕ್ಕಿದ್ದು ಕೊಡೋದಲ್ಲ.

ಇದು ನಮ್ಮ ದೊಡ್ಡತನ ಅಲ್ಲ. ಮನೆಗೆಲಸಕ್ಕೆ ಕರ್ನಾಟಕ ಸರ್ಕಾರ 2004ರಲ್ಲೇ ಕನಿಷ್ಠ ವೇತನ ಗೊತ್ತುಮಾಡಿದೆ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ ಅವರಿಗೆ ನಮ್ಮ ಮನೆಯೇ ಕೆಲಸದ ಜಾಗ. ಮನೆಗೆಲಸದವರಂಥ ಅಸಂಘಟಿತ ಕೆಲಸಗಾರರನ್ನ ದಾಖಲಿಸಿಕೊಳ್ಳೋ ಕೇಂದ್ರ ಸರ್ಕಾರದ ಪೋರ್ಟಲ್ ಇ-ಶ್ರಮ್‌ನಲ್ಲಿ ಹೆಸರು ಬರೆಸಿದ್ದಾರಾ ಕೇಳಿ. 16ರಿಂದ 59 ವರ್ಷದೊಳಗಿನವರು ಬರೆಸಬಹುದು, ಉಚಿತ. ಆಧಾರ್, ಬ್ಯಾಂಕ್ ಖಾತೆಯ ವಿವರ ಹಿಡಿದು ನೀವೇ ಜೊತೆಗೆ ಕೂತರೆ ಕೆಲಸ ಸುಲಭ.

ನೀವು ಕೇಳದ ಇನ್ನೊಂದು ಮಾತು. ನಾನು ಚಿಕ್ಕವಳಿದ್ದಾಗ ನಮ್ಮನೇಲಿ ಕೆಲಸದವರ ಕಾಫಿ ಲೋಟ ಹಿತ್ತಲ ಒಗೆಯೋ ಕಲ್ಲಿನ ಹತ್ತಿರ ಬೇರೆಯಾಗೇ ಇರ್ತಿತ್ತು. ನಮ್ಮ ಲೋಟಗಳನ್ನೆಲ್ಲ ಬೆಳಗಿಡ್ತಿದ್ದ ಕೈಗೆ ಆ ಒಂದು ಲೋಟ! ಈಗ ನೆನೆದ್ರೂ ತಲೆ ತಗ್ಗುತ್ತೆ. ನಿಮ್ಮನೇಲಿ ಹಾಗಿದ್ರೆ ನಾಳೆ ಬೆಳಿಗ್ಗೆನೇ ತೆಗೆದುಬಿಡಿ, ಅಡುಗೆಮನೇಲಿ ಕೂರಿಸಿ ಕಾಫಿ ಕೊಡಿ, ರಜೆಯ ದಿನಗಳನ್ನ ಆಗಲೇ ಇಬ್ಬರೂ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ.